ದಾರಿ ಕೇಳುವ ಸಾಲು

ಸೆಗೆಡ್ ಊರಿನ ನೀರು ಸರಬರಾಜು ಕಚೇರಿ.
ಶುಕ್ರವಾರ ರಾತ್ರಿ, ಹೀಟರು ಆರಿಸಿ ಹೋಗಿದ್ದಾರೆ.
ನಲವತ್ತೊಂದು ಹಳೆಯ ಕಂಪ್ಯೂಟರು
ಸೋಮವಾರ ಬೆಳಗಾದರೆ ಗುಜರಿ.
ಅಷ್ಟರೊಳಗೆ ಒಬ್ಬೊಬ್ಬರ ಸ್ವಂತ ಕಡತಗಳನ್ನು
ಹುಡುಕಿ, ಎತ್ತಿ, ಹೊಸದಕ್ಕೆ ಸಾಗಿಸುವುದು
ನನ್ನ ಸ್ಕ್ರಿಪ್ಟಿನ ಕೆಲಸ.

ಮೊದಲ ಸಲ ಬರೆದಾಗ ನಾನು ಬಲು ಜಾಣ:
ಸಿ ಡ್ರೈವ್, ಅದರೊಳಗೆ ಹೆಸರು, ಅದರೊಳಗೆ ಡಾಕ್ಯುಮೆಂಟ್ಸ್.
ಎಲ್ಲರ ಮನೆಯೂ ಒಂದೇ ಬೀದಿಯಲ್ಲಿದೆ ಎಂಬಂತೆ
ವಿಳಾಸಕ್ಕೆ ಮೊಳೆ ಹೊಡೆದು ಕೂರಿಸಿದ್ದೆ.
ಹದಿನಾರು ಯಂತ್ರ ಸರಾಗ.
ಹದಿನೇಳನೆಯದು ಎಟೆಲ್ಕಾಳದು, ಬಿಲ್ಲಿಂಗ್ ವಿಭಾಗ.
"ಅಂಥ ಫೋಲ್ಡರ್ ಇಲ್ಲ", ಕೆಂಪಕ್ಷರದಲ್ಲಿ.
ಇಲ್ಲ ಎಂದರೆ? ಇಪ್ಪತ್ತಾರು ವರ್ಷ ಇಲ್ಲೇ ಕೂತವಳಿಗೆ
ತನ್ನದು ಅಂತ ಒಂದು ಹಾಳೆಯೂ ಇಲ್ಲವೆ?

ಪರದೆಯ ಮೇಲೇನೋ ಇದೆ: ಡೊಕುಮೆಂಟುಮೋಕ್.
ಅದು ಕರೆಯುವ ಹೆಸರು. ದಾಖಲೆಯ ಹೆಸರು ಬೇರೆ,
ಇರುವ ಜಾಗ ಇನ್ನೂ ಬೇರೆ.
ನಮ್ಮ ವಠಾರದವರೆಲ್ಲ ಪುಬಿ ಎನ್ನುತ್ತಿದ್ದ ಮುದುಕ
ಬೊಲ್ಡಿಜಾರ್ ಎಂದು ನನಗೆ ಗೊತ್ತಾದದ್ದು
ಗೋರಿಗಲ್ಲು ಓದಿದಾಗ.

ಕಾಫಿ ಯಂತ್ರಕ್ಕೆ ನೂರು ಫೋರಿಂಟ್ ಹಾಕಿ ಬಂದು
ಆ ಸಾಲು ಅಳಿಸಿದೆ. ಬೇರೆ ಬರೆದೆ.
ಊಹಿಸಬೇಡ, ಕೇಳು.
ಸಿಸ್ಟಮ್ಮೇ, ಈ ಹೆಂಗಸು ತನ್ನದನ್ನೆಲ್ಲ
ಎಲ್ಲಿಡುತ್ತಾಳೆ, ನಿನಗೆ ಗೊತ್ತಿರಬೇಕಲ್ಲ?
ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ:
ಇ ಡ್ರೈವ್, ಓರೆಗೆರೆ, "ನದಿ".

ಇ?
ಮೇಜಿನ ಕೆಳಗೆ ಮಂಡಿಯೂರಿ ಟಾರ್ಚು ಹಿಡಿದೆ.
ಧೂಳು, ತಲೆಗೂದಲ ಕ್ಲಿಪ್ಪು, ಸೂರ್ಯಕಾಂತಿ ಬೀಜದ ಸಿಪ್ಪೆ,
ಯಂತ್ರದ ಬೆನ್ನಿಗೆ ಹೆಬ್ಬೆರಳ ತುದಿಯಷ್ಟು ಪೆನ್ ಡ್ರೈವ್,
ಅದರ ಮೇಲೆ ಉಗುರುಬಣ್ಣದ ಒಂದು ಚುಕ್ಕೆ.
ಹುಡುಕಿದ್ದು ಊರೆಲ್ಲ, ಕೂಸು ಇದ್ದದ್ದು ಕಂಕುಳಲ್ಲಿ.

ನನಗೆ ಬೇಕಿದ್ದದ್ದು ದಾರಿ, ಒಳಗಿನದಲ್ಲ.
ಆದರೂ ನಕಲಾಗುವಾಗ ಹೆಸರುಗಳು ಹರಿದುಹೋದವು:
ಟಿಸಾ, ಬೆಳಿಗ್ಗೆ ಆರು, ೩೧೨ ಸೆಂಟಿಮೀಟರ್.
೩೧೫. ೩೪೦. ಮತ್ತೆ ೩೩೮.
ವರ್ಷಗಟ್ಟಲೆ, ಒಂದು ದಿನವೂ ತಪ್ಪದೆ,
ಯಾರೂ ಕೇಳದ ನದಿಯ ಅಳತೆ.
ನಡುನಡುವೆ "ಮೇಲಧಿಕಾರಿಗೆ, ಕಳಿಸದ್ದು", ಅಂಥವು ಏಳು.
"ಮೀನಿನ ಸಾರು, ಅತ್ತೆಯದಲ್ಲ, ನನ್ನದು."
ಕಟ್ಟಕಡೆಗೆ "ಓದಬೇಡ".

ಓದಲಿಲ್ಲ.
ಉಳಿದ ಇಪ್ಪತ್ತನಾಲ್ಕಕ್ಕೂ ಅದೇ ಹೊಸ ಸಾಲು,
ಕೇಳಿದ್ದಕ್ಕೆ ಎಲ್ಲವೂ ಹೇಳಿದವು.

ಸೋಮವಾರ ಎಟೆಲ್ಕಾ ಬಂದಳು.
ಥಳಥಳಿಸುವ ಹೊಸ ಪರದೆಯ ಕಡೆ ನೋಡಲೂ ಇಲ್ಲ.
ಕೋಟು ಕಳಚುವ ಮೊದಲೇ ಬಗ್ಗಿ
ಯಂತ್ರದ ಬೆನ್ನು ಸವರಿದಳು.
ಇತ್ತು.