ಮಗ್ಗುಲು

ಭಟ್ಟಿಯಲ್ಲಿ ಮಂಡಕ್ಕಿ ಹುರಿದೆ ಒಂಬತ್ತು ವರ್ಷ,
ಆಮೇಲೆ ಏಳು ವರ್ಷ
ಬೇರೆಯವರ ಮನೆ ಹಾಸಿಗೆ ಪಕ್ಕ ಕೂತೋಳು ನಾನು.
ಈಗ ನೂರಿಪ್ಪತ್ತು ತಾಸು ಕಲಿತು ಬಾ ಅಂತಾರೆ.
ಸರ್ಟಿಫಿಕೇಟು ಇಲ್ಲದೆ ಇನ್ನು ಕೆಲಸ ಇಲ್ಲವಂತೆ.

ನಿಟ್ಟುವಳ್ಳಿಯಲ್ಲಿ, ಹಿಟ್ಟಿನ ಗಿರಣಿ ಮೇಲಿನ ಮಹಡಿ.
ಗಿರಣಿ ತಿರುಗಿದರೆ ಮಂಚ ನಡುಗುತ್ತದೆ,
ಮಂಚದ ಮೇಲಿನ ರಬ್ಬರಿನ ಗೊಂಬೆಯೂ.
ಅದಕ್ಕೆ ನಾವಿಟ್ಟ ಹೆಸರು ದೊಡ್ಡಯ್ಯ.
ದೊಡ್ಡಯ್ಯ ಬೈಯೋದಿಲ್ಲ, ಗಂಜಿ ಉಗುಳೋದಿಲ್ಲ,
ನಡುರಾತ್ರಿ ಎದ್ದು ಸತ್ತ ತಂಗಿಯನ್ನು ಕರೆಯೋದಿಲ್ಲ.
ಬಲು ಸಲೀಸಿನ ರೋಗಿ.

ಕಲಿಸೋ ಹುಡುಗಿ ಶಾಹಿದಾ,
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು.
ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಅಂತಾಳೆ.
ಗೊತ್ತಿತ್ತು. ಗಡಿಯಾರ ನೋಡಿ ಅಲ್ಲ,
ಟೈಪಿಂಗ್ ಮೇಷ್ಟ್ರು ಚನ್ನಬಸಪ್ಪನವರ ಬೆನ್ನ ಚರ್ಮ
ಮಂಡಕ್ಕಿ ಹಾಗೆ ಉಬ್ಬಿ ಬಿರಿದ ದಿನ ಗೊತ್ತಾದದ್ದು.
ಅವರು ಹೋಗಿ ನಾಲ್ಕು ವರ್ಷ.
ನೋಟ್‌ಬುಕ್ಕಿನಲ್ಲಿ ಎರಡು ತಾಸು ಅಂತ ಬರೆದು ಗೆರೆ ಎಳೆದೆ,
ಪೆನ್ನಿನ ಮೊನೆ ಹಾಳೆ ಹರಿಯಿತು.

ಸೊಂಟ ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ ಎತ್ತಿ.
ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ,
ನನ್ನ ಸೊಂಟ ಸಾಕ್ಷಿ.
ಮುಟ್ಟುವ ಮುಂಚೆ ಕೇಳಿ.
ಇದೂ ಹೊಸದು.
ಮನೆಯವರು ಬಾಗಿಲು ಹಾಕಿಕೊಂಡ ಮೇಲೆ
ನಾವೆಲ್ಲಿ ಒರಗಬೇಕು ಅನ್ನೋದು
ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.

ಹದಿಮೂರನೇ ದಿನ
ಗೊಂಬೆ ಸಾಕು, ಯಾರಾದರೂ ಮಲಗಿ, ಅಂದಳು ಶಾಹಿದಾ.
ಕಿಸಿಕಿಸಿ ನಕ್ಕು ಎಲ್ಲರೂ ನನ್ನನ್ನೇ ನೂಕಿದರು.
ಚಪ್ಪಲಿ ಬಿಟ್ಟು, ಸೆರಗು ಬಿಗಿಹಿಡಿದು ಮಲಗಿದೆ,
ದೊಡ್ಡಯ್ಯನ ಜಾಗದಲ್ಲಿ.

ಹಾಲವ್ವಾ, ಎಡಕ್ಕೆ ತಿರುಗಿಸ್ತೀನಿ, ಆಗಬಹುದಾ?
ಕೇಳಿದ್ದು ಹರಿಹರದಿಂದ ಬಸ್ಸಿಗೆ ಬರೋ ರೇಣವ್ವ,
ಅರ್ಧ ನಗುತ್ತಾ, ಪಾಠ ಒಪ್ಪಿಸೋ ದನಿಯಲ್ಲಿ.

ಆಗಬಹುದಾ.
ಐವತ್ತೊಂದು ವರ್ಷದಲ್ಲಿ
ಈ ಮೈಯನ್ನು ಯಾರೂ ಕೇಳಿರಲಿಲ್ಲ.
ಹೂಂ ಅಂದೆನೋ ಇಲ್ಲವೋ.
ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ,
ಬೆನ್ನಿಗೆ ಒಂದು ದಿಂಬು, ಮೊಣಕಾಲ ನಡುವೆ ಇನ್ನೊಂದು.
ಕೆಳಗೆ ಗಿರಣಿ ಶುರುವಾಯಿತು,
ಬಿಸಿ ಜೋಳದ ಹಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬಂತು.
ಮುಖ ಗೋಡೆ ಕಡೆ ಇತ್ತು, ಪುಣ್ಯ.

ರೋಗಿ ಸಹಕರಿಸಿದರು, ಅಂತ ಬರೆದುಕೊಂಡಳು ಶಾಹಿದಾ.
ಆಯ್ತು ಹಾಲವ್ವಾ, ಏಳಿ.

ತಡಿ ತಾಯಿ, ಅಂದೆ.
ಇನ್ನೂ ಎರಡು ತಾಸು ಆಗಿಲ್ಲ.