ಧೂಳಪ್ಪ

ಹನ್ನೊಂದನೇ ಪುಟ, ಚಿನ್ನದ ಧಾರಣೆಯ ಕೆಳಗೆ
ಎಂಟೇ ಸಾಲು.
ವಯಸ್ಸು ತೊಂಬತ್ತೊಂದು, ನಿದ್ದೆಯಲ್ಲೇ, ಅಂತ.
ಬೆಂಚಿನ ಮೇಲೆ ಯಾರೋ ಓದಿದರು.
ಸಂಪಂಗಿಯ ಕತ್ತರಿ
ನನ್ನ ಕಿವಿಯ ಪಕ್ಕ ನಿಂತುಬಿಟ್ಟಿತು.

ಅವನ ಹೆಸರು ನಮ್ಮ ನಾಲಿಗೆಯಲ್ಲಿ ಯಾವತ್ತೂ ಹೊರಳಲಿಲ್ಲ.
ಮೊದಲು ಧೂಳು ಬರುತ್ತಿತ್ತು,
ಆಮೇಲೆ ಟೋಪಿ,
ಎಷ್ಟೋ ಹೊತ್ತಿನ ಮೇಲೆ ಅವನು.
ಅದಕ್ಕೇ ಧೂಳಪ್ಪ.

ಶನಿವಾರ ರಾತ್ರಿ ಒಂಬತ್ತೂವರೆ.
ರೇಸ್‌ಕೋರ್ಸ್ ಹಿಂದಿನ ಇಡೀ ಗಲ್ಲಿಗೆ ಒಂದೇ ಟೀವಿ,
ಅದಕ್ಕೆ ಮರದ ಬಾಗಿಲು, ಬಾಗಿಲಿಗೆ ಬೀಗ,
ಬೀಗದ ಕೈ ಸಂಪಂಗಿಯ ಅಪ್ಪನ ಉಡಿದಾರದಲ್ಲಿ.
ಲಾಯದಿಂದ ಸೈಸ್‌ಗಳು ನೇರ ಬಂದು ಕೂರುವರು,
ಹುರುಳಿ, ಬೆವರು, ಲದ್ದಿಯ ವಾಸನೆ ಸಮೇತ.
ಹಾಗಾಗಿ ನಮ್ಮ ಧೂಳಪ್ಪನ ಕುದುರೆಗೆ ವಾಸನೆಯೂ ಇತ್ತು.
ಅಮೆರಿಕದವರಿಗೆ ಆ ಭಾಗ್ಯ ಸಿಕ್ಕಿರಲಿಕ್ಕಿಲ್ಲ.

ಇಂಗ್ಲಿಷ್ ಬರುತ್ತಿದ್ದುದು ಲೂರ್ದಮ್ಮನಿಗೆ ಮಾತ್ರ,
ಕುಕ್ ಟೌನಿನ ಬಂಗಲೆಯಲ್ಲಿ ಆಯಾ ಆಗಿದ್ದವಳು.
ಟೀವಿಯ ಪಕ್ಕ ಮಣೆ ಹಾಕಿಕೊಂಡು ಕೂತು
ಅವನ ತುಟಿ ಅಲ್ಲಾಡಿದ್ದೇ ತಡ, ಶುರು:
“ಏನಂತಾವ್ನೆ ಅಂದ್ರೆ, ಲೋ ತಮ್ಮ,
ನಾನು ಹೋದ ಊರಲ್ಲೆಲ್ಲಾ ಬಾಗ್ಲು ಮುಚ್ಕೊಂಡ್ರು,
ನಿಮ್ಮೂರಲ್ಲಾದ್ರೂ ಒಂದು ತೆರೆದಿರ್ಲಿ.”
ಎದುರಿನ ಚಾಪೆಯ ಮೇಲೆ ಯಾರೂ ಕೆಮ್ಮುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಮೊಮ್ಮಗಳ ಫೋನಿನಲ್ಲಿ
ಅದೇ ಊರು, ಅದೇ ಬಾಗಿಲು, ಅದೇ ಬಿಸಿಲಿಗೆ ಕಿರಿದಾದ ಕಣ್ಣು.
ಅಷ್ಟರಲ್ಲಿ ನನಗೂ ಇಂಗ್ಲಿಷ್ ಬಂದಿತ್ತು.
ಅವನು ಕೇಳಿದ್ದು ಇಷ್ಟೇ,
ಕುದುರೆಗೆ ನೀರಿದೆಯಾ?
ಯಾರಿಗೂ ಹೇಳಲಿಲ್ಲ ನಾನು.

ಆ ಟೀವಿಗೆ ಬಣ್ಣವಿರಲಿಲ್ಲ, ಜಗಳಕ್ಕೆ ಅದೇ ಮೂಲ.
ಕುದುರೆ ಕಪ್ಪು, ಏಸುಸ್ವಾಮಿ ಆಣೆ, ಅಂತ ಲೂರ್ದಮ್ಮ.
ಹತ್ತನೇ ವಯಸ್ಸಿಂದ ಕುದುರೆಯ ಮೈ ಉಜ್ಜಿದ ಕೈ ತೋರಿಸಿ
ದಸ್ತಗೀರ್ ಅನ್ನುವನು:
“ಕೆಂಪು. ಕಪ್ಪಿನ ಮೇಲೆ ಬೆಳಕು ಹಂಗೆ ಕೂರಲ್ಲಮ್ಮಾ.”
ಐದು ರೂಪಾಯಿ ಪಂಥ.
ಐದು ರೂಪಾಯಿಗೆ ಆಗ ಎರಡು ಊಟ ಬರುತ್ತಿತ್ತು.

ಇವತ್ತಿನ ಪೇಪರಿನಲ್ಲಿ ಬಣ್ಣದ ಫೋಟೋ.
ಕಣ್ಣು ಇಷ್ಟೊಂದು ನೀಲಿ ಅಂತ ಯಾರಿಗೆ ಗೊತ್ತಿತ್ತು!
ಜಾಗ ಸಾಲದೆ ಕುದುರೆಯನ್ನು ಕತ್ತರಿಸಿದ್ದಾರೆ,
ಅವನ ಭುಜದ ಹಿಂದೆ ಒಂದು ಕಿವಿ ಉಳಿದಿದೆ.
ಕೆಂಪು.

ದಸ್ತಗೀರ್ ಪೇಪರನ್ನು ಹತ್ತಿರ ಹಿಡಿದ, ದೂರ ಹಿಡಿದ,
ಬಾಗಿಲ ಬಿಸಿಲಿಗೆ ಒಯ್ದು ನೋಡಿದ.
“ಕಾಸು ಕೇಳಕ್ಕೆ ಕಲ್ಪಳ್ಳಿಗೇ ಹೋಗ್ಬೇಕು ಈಗ” ಅಂದ.
ಯಾರೂ ನಗಲಿಲ್ಲ.
ಆಮೇಲೆ ಎಲ್ಲರೂ ನಕ್ಕೆವು,
ಕಟಿಂಗಿಗೆ ಬಂದ ಹುಡುಗನೊಬ್ಬ
ಇಯರ್‌ಫೋನ್ ತೆಗೆದು ನಮ್ಮನ್ನು ನೋಡಿದ.

ಗುಂಡು ಹಾರಿಸುವುದು ಸೈಸ್‌ಗಳಿಗೆ ಬೇಕಿರಲಿಲ್ಲ.
ಆ ಹೊತ್ತಿಗೆ ಬೀಡಿ ಹಚ್ಚಲು ಹೊರಗೆ ಹೋಗುವರು.
ಅವರು ಕಾಯುತ್ತಿದ್ದುದು ಅವನು ಇಳಿಯುವುದಕ್ಕೆ.
ಲಗಾಮು ಜಗ್ಗದೆ, ಬೆನ್ನಿಗೆ ಭಾರ ಬೀಳದ ಹಾಗೆ,
ಇಳಿದ ಮೇಲೂ ಕೈ ಒಂದು ಗಳಿಗೆ ಕತ್ತಿನ ಮೇಲೆ.
“ನಟನೆ ಅಲ್ಲ ಕಣ್ರೋ, ಆ ಕೈ ಸುಳ್ಳಾಡಲ್ಲ.”

ಈಗ, ಎರಡೂ ಮಂಡಿ ಹೋದ ದಸ್ತಗೀರ್
ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿದ್ದ
ಸಂಪಂಗಿಯ ಹಳೇ ಸ್ಕೂಟರ್ ಏರಿ ಕೂತ.
ಆಟೋ ಒಂದು ಹಾರ್ನ್ ಹೊಡೆದು ಸುತ್ತಿ ಹೋಯಿತು.
ಟೋಪಿಯಿಲ್ಲದ ತಲೆಗೆ ಕೈ ಹಚ್ಚಿ, ಕೈಚೌಕ ಸರಿಮಾಡಿಕೊಂಡು
ಬಲಗಾಲನ್ನು ಹಿಂದಿನಿಂದ, ಅಮ್ಮಾ ಅನ್ನುತ್ತ, ಎಳೆದುಕೊಂಡು
ಇಳಿದ.
ಹ್ಯಾಂಡಲ್ ಬುಡದಲ್ಲಿ, ತುಕ್ಕು ಹಿಡಿದ ಕಡೆ,
ಅಂಗೈ ಇಟ್ಟು ನಿಂತ.

ಸುಸ್ತಿಗೋ ಏನೋ, ನೀರು ಕೇಳಿದ.
ಸಂಪಂಗಿ ಚೊಂಬು ತಂದ, ಬಗ್ಗಿಸದೆ ಕಾದ.
ನಾನು ಬಿಳಿ ಬಟ್ಟೆ ಹೊದ್ದು ಬಾಗಿಲಲ್ಲಿದ್ದೆ,
ಅರ್ಧ ತಲೆ ಇನ್ನೂ ಹಾಗೇ ಇತ್ತು.