ಮೂವತ್ತನಾಲ್ಕನೇ ಕಂಬದ ಸಾಲು

ಹಾರ್ಲಿಂಗನ್ನಿನ ಕಡಲಕಟ್ಟೆ ಕಾಯುವ ಕಚೇರಿಯಲ್ಲಿ
ಮೊದಲು ಇದ್ದದ್ದು ಹಸಿರು ರಟ್ಟಿನ ಒಂದೇ ದಫ್ತರ.
ಬಿರುಗಾಳಿಯ ರಾತ್ರಿ ಫೋನೆತ್ತಿ ಡೌವೆ ಬರೆದುಕೊಳ್ಳುತ್ತಿದ್ದ;
ಹೇಳುವವರು ಹತ್ತು ಜನ, ಬರೆಯುವ ಕೈ ಒಂದು.
ಬರೆದದ್ದು ಮೂರೋ ಎಂಟೋ
ಬೆಳಿಗ್ಗೆ ಅವನಿಗೇ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ನನಗೆ ಹೇಳಿಕಳಿಸಿದರು:
‘ವಿತ್ಸ್ಕೆ, ಎಲ್ಲರೂ ಒಟ್ಟಿಗೇ ಬರೆಯುವ ಹಾಳೆ
ನಮ್ಮ ಆ್ಯಪಿನೊಳಗೇ ಬೇಕು, ನವೆಂಬರಿಗೆ ಮುಂಚೆ.’

ಹಾಳೆಯನ್ನು ನಾನೇ ಮಾಡಬೇಕಿರಲಿಲ್ಲ,
ಯಾರೋ ಮಾಡಿಟ್ಟದ್ದಿತ್ತು, ಪುಕ್ಕಟೆ.
ನನ್ನದು ಬಾಗಿಲು ಕೂಡಿಸುವ ಕೆಲಸ.
ಎಪಿಐ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ,
ನಮ್ಮ ಸೋದರತ್ತೆಯ ಹಾಗೆ.
ಕೀಲಿ ತೋರಿಸು. ಬರೆಯುವವರ ಹೆಸರು ಹೇಳು.
ಗುಂಪು ಕಟ್ಟು, ಗುಂಪಿಗೊಂದು ಹಾಳೆ,
ಆ ಹಾಳೆಗೆ ಈ ಮನುಷ್ಯ ಇಷ್ಟು ಗಂಟೆಯ ತನಕ
ಎಂದು ಒಂದು ಚೀಟಿ.
ಎಲ್ಲಕ್ಕೂ ‘ಸರಿ’ ಎಂದಿತು.
ಸರಿ ಎಂದು, ಬಿಳಿ ಚೌಕವೊಂದನ್ನು ತೋರಿಸಿತು.

ಮೂರು ದಿನ ಬರೀ ಬಿಳುಪು.
ಕಿಟಕಿಯಾಚೆ ಕೆಸರು ಬಯಲಿಗೆ ಇಳಿತ ಬಂತು, ಭರತ ಬಂತು,
ನನ್ನ ಚೌಕಕ್ಕೆ ಒಂದಕ್ಷರ ಬರಲಿಲ್ಲ.
ನಾಲ್ಕನೆಯ ದಿನ ಸಿಕ್ಕಿತು: ಕುಕಿಯ ವಿಳಾಸದಲ್ಲಿ ಒಂದು ಚುಕ್ಕಿ ತಪ್ಪಿ
ಚೀಟಿ ಕಿಸೆಯಲ್ಲೇ ಇದ್ದೂ
ಬಾಗಿಲವನಿಗೆ ಕಾಣುತ್ತಿರಲಿಲ್ಲ.

ತಿದ್ದಿ, ಎರಡು ಕಿಟಕಿ ತೆರೆದು ಅಕ್ಕಪಕ್ಕ ಇಟ್ಟೆ.
ಎಡಗಡೆ ‘ಇದ್ದೀಯಾ?’ ಎಂದೆ, ನೀಲಿಯಲ್ಲಿ.
ಬಲಗಡೆಗೆ ಹೋಗಿ ‘ಇದ್ದೇನೆ’ ಎಂದೆ, ಸಾಸಿವೆ ಬಣ್ಣದಲ್ಲಿ.
ರಾತ್ರಿ ಒಂಬತ್ತೂವರೆ. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ.
ಪರೀಕ್ಷೆಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ
ಮಾತಾಡಿಕೊಂಡೆವು.

ನವೆಂಬರ್ ಹತ್ತೊಂಬತ್ತು. ವಾಯವ್ಯದ ಗಾಳಿ.
ಕಟ್ಟೆಯ ಮೇಲೆ ಹನ್ನೊಂದು ಟಾರ್ಚು, ಹಾಳೆಯ ಮೇಲೆ ಹನ್ನೊಂದು ಬಣ್ಣ.
‘ಇಪ್ಪತ್ತೇಳು: ಇಲಿಬಿಲ, ಒಣಗಿದೆ.’
‘ಮೂವತ್ತೊಂದು: ಕುರಿಯೊಂದು ಬೇಲಿ ದಾಟಿದೆ, ಯಾರದು?’
‘ನನ್ನದು. ಬಿಡು.’
ಒಂದು ಕರ್ಸರ್ ಮಾತ್ರ ಏನೂ ಬರೆಯದೆ
ಮೂವತ್ತನಾಲ್ಕನೇ ಕಂಬದ ಸಾಲಲ್ಲಿ ಮಿಣುಕುತ್ತ ನಿಂತಿತ್ತು,
ಉಗುಳಲಾಗದ, ನುಂಗಲಾಗದ ಬಿಸಿತುತ್ತು.
ಅದು ಊಬೆಲೆಯ ನೀಲಿ.
ಕೊನೆಗೂ ಬರೆಯತೊಡಗಿದ: ಒಸರು.
ಅದೇ ಗಳಿಗೆ, ಅದೇ ತಾಣಕ್ಕೆ, ಇಳಿಜಾರಿನ ಆಚೆಯಿಂದ
ಸಾಸಿವೆ ಬಣ್ಣದ ಬೌಕ್ಯೆ ಬರೆಯತೊಡಗಿದ್ದಳು: ಬೆವರು.

ಒಸರಾದರೆ ನೀರು ಒಳಗಿಂದ; ಮರಳಚೀಲ, ಲಾರಿ, ಸೈರನ್ನು.
ಬೆವರಾದರೆ ಹುಲ್ಲಿಗೆ ಹತ್ತಿದ ಮಳೆ; ಮನೆ, ಕಾಫಿ.
ಯಂತ್ರ ಯಾರ ಪಕ್ಷವನ್ನೂ ವಹಿಸಲಿಲ್ಲ,
ಯಾರ ಅಕ್ಷರವನ್ನೂ ಕಳೆಯಲಿಲ್ಲ.
ನೀಲಿ, ಸಾಸಿವೆ, ನೀಲಿ, ಸಾಸಿವೆ ಹೆಣೆದು
ಹನ್ನೊಂದು ಪರದೆಗೂ ಒಂದೇ ಪದ ಬಡಿಸಿತು:

ಒಬೆಸವರುರು.

ಯಾವ ನಿಘಂಟಿನಲ್ಲೂ ಇಲ್ಲದ್ದು.
ಹತ್ತು ಸೆಕೆಂಡು ಹಾಳೆ ಉಸಿರು ಬಿಡಲಿಲ್ಲ.
ಆಮೇಲೆ ಒಂದೊಂದೇ ಬಣ್ಣ ‘ಬಂದೆ’ ಎಂದಿತು.
ಒಸರೆಂದಿದ್ದರೆ ವಾದಕ್ಕೆ ನಿಲ್ಲುತ್ತಿದ್ದರು,
ಬೆವರೆಂದಿದ್ದರೆ ಹೋಗಿ ಮಲಗುತ್ತಿದ್ದರು;
ಅರ್ಥವಾಗದ್ದನ್ನು ಕಣ್ಣಾರೆ ಕಾಣಲು
ಅಷ್ಟೂ ಜನ ನಡೆದರು.
ಹೆಬ್ಬೆರಳು ಹೋಗುವಷ್ಟು ತೂತು, ಕದಡಿದ ನೀರು.
ನಲವತ್ತು ಚೀಲಕ್ಕೆ ನಿಂತಿತು.

ಬೆಳಿಗ್ಗೆ ರೈಂಡರ್ ಸಾಹೇಬರು ಸಾಲನ್ನು ಅಳಿಸಿ
‘ಆ ದೋಷ ಸರಿಮಾಡು’ ಎಂದರು.
ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?
ಚರಿತ್ರೆಯ ಗುಂಡಿಯನ್ನು ಹಿಂದಕ್ಕೆ ಎಳೆದರೆ
ಎರಡು ಗಂಟೆ ಹದಿನೇಳು ನಿಮಿಷಕ್ಕೆ
ಅದು ಇನ್ನೂ ಅಲ್ಲೇ ಒದ್ದೆಯಾಗಿ ಕೂತಿದೆ.
‘ನೋಡುತ್ತೇನೆ’ ಎಂದು ಬರೆದುಕೊಟ್ಟೆ.
ಸುಳ್ಳಲ್ಲ, ಆಗಾಗ ನೋಡುತ್ತೇನೆ.

ಏಪ್ರಿಲಿನಲ್ಲಿ ಬೌಕ್ಯೆ ಫೋನು ಮಾಡಿದ್ದಳು, ಬೇರೇನಕ್ಕೋ.
ಇಡುವ ಮುಂಚೆ ಅಂದಳು:
‘ಮೂವತ್ತನಾಲ್ಕು ಪೂರ್ತಿ ಒಣಗಿದೆ.
ಒಬೆಸವರುರು ಏನೂ ಇಲ್ಲ.’